ಬದುಕಿದ್ದವನ ಕಲ್ಲು

ಮುತ್ತಯ್ಯ ಚಿರತೆಯ ಮೇಲೆ ಬಿದ್ದದ್ದು ನಿಜ. ಬೇಕೆಂದೇ ಬಿದ್ದನೋ, ಓಡುವ ಗಾಬರಿಯಲ್ಲಿ ಮುಗ್ಗರಿಸಿ ಬಿದ್ದನೋ ಎಂಬುದು ಮಾತ್ರ ಅವನಿಗೇ ಸರಿಯಾಗಿ ತಿಳಿಯದು. ಕುರಿಹಟ್ಟಿಯ ಬಾಗಿಲಲ್ಲಿ ಇಬ್ಬರೂ ಒಟ್ಟಿಗೆ ಉರುಳಿದರು. ಚಿರತೆ ಅವನ ತೋಳು ಸಿಗಿದು ಕಾಡಿನ ಕಡೆ ಓಡಿತು. ಕುರಿಗಳಿಗೂ ಒಳಗೆ ಮಲಗಿದ್ದ ಮಕ್ಕಳಿಗೂ ಏನೂ ಆಗಲಿಲ್ಲ. ಕಾಮಗೆರೆಯ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು, ಹನೂರಿನಾಚೆಯ ತನ್ನ ಊರಿಗೆ ಬಂದಿಳಿದಾಗ ಅವನು ಹೀರೋ ಆಗಿದ್ದ.

ಆ ಮಾತನ್ನು ಊರಿಗೆ ತಂದವರು ಶಾಲೆಯ ಮೇಷ್ಟ್ರು ಶಿವನಂಜಯ್ಯ. ಕೊಳ್ಳೇಗಾಲ ಮೈಸೂರು ಸೀಮೆಗೆ ಸೇರಿದ ಮೇಲೆ ಬಂದವರು, ಓದಿದ್ದನ್ನು ಹೇಳದೆ ಬಿಡುವ ಜಾಯಮಾನದವರಲ್ಲ. ಸನ್ಮಾನದ ಸಭೆಯಲ್ಲಿ ಹಾರ ಹಾಕಿ 'ನಮ್ಮೂರ ಹೀರೋ' ಎಂದುಬಿಟ್ಟರು. ಕೊಳ್ಳೇಗಾಲದ ಟೆಂಟಿನಲ್ಲಿ ಸಿನಿಮಾ ನೋಡಿ ಬಂದಿದ್ದ ಹೈಕಳು ಸಿಳ್ಳೆ ಹೊಡೆದವು. ಅವುಗಳ ಪಾಲಿಗೆ ಹೀರೋ ಎಂದರೆ ಕ್ರಾಪು ಬಾಚಿ, ಮರ ಸುತ್ತಿ ಹಾಡುವವನು. ಹೆಂಡತಿ ಚನ್ನಮಲ್ಲಮ್ಮ ಗಂಡನ ಬೋಳುತಲೆಯನ್ನೊಮ್ಮೆ ನೋಡಿ ಸೆರಗನ್ನು ಬಾಯಿಗೊತ್ತಿಕೊಂಡಳು.

ಮೇಷ್ಟ್ರಿಗೆ ರೇಗಿತು. ಅದು ಸಿನಿಮಾದವರ ಸೊತ್ತಲ್ಲ, ಗ್ರೀಸ್ ಎಂಬ ದೇಶದ ಬಲು ಹಳೆಯ ಮಾತು ಎಂದು ಬಿಡಿಸಿ ಹೇಳಿದರು. ಅಲ್ಲಿ ಕಾದಿ ಮಡಿದವನ ಗೋರಿಯ ಮುಂದೆ ಅನ್ನ ನೀರು ಇಟ್ಟು, ಅವನನ್ನು ಹೀರೋ ಎಂದು ಪೂಜಿಸುತ್ತಿದ್ದರಂತೆ. ಕಾಲ ಕಳೆದಂತೆ ಕಥೆಯ ನಾಯಕನೂ ಹೀರೋ ಆದ. ಈಗ ಧೈರ್ಯ ತೋರಿದವರೆಲ್ಲ ಹೀರೋಗಳೇ, ಮುತ್ತಯ್ಯನೂ ಅಂಥವನು ಎಂದು ಮುಗಿಸಿದರು.

ಊರ ಹಿರಿಯರು ಕೊನೆಯವರೆಗೆ ಕಿವಿ ತೆರೆದು ಕೂತಿರಲಿಲ್ಲ. ಗೋರಿ, ಪೂಜೆ, ಅನ್ನ ಎಂಬಲ್ಲಿಗೆ ಅವರಿಗೆ ಎಲ್ಲ ಅರ್ಥವಾಗಿಹೋಗಿತ್ತು. ಹುಲಿಗೆ ಎದುರು ನಿಂತು ಸತ್ತವರ ವೀರಗಲ್ಲುಗಳು ಕೆರೆ ಏರಿಯ ಮೇಲೆ ತಲೆಮಾರುಗಳಿಂದ ನಿಂತಿದ್ದವು. ಇದನ್ನು ಗ್ರೀಸಿನವರು ಹೇಳಿಕೊಡಬೇಕೇ? ಸಂಕ್ರಾಂತಿಯ ಹೊತ್ತಿಗೆ ಅವುಗಳ ಪಕ್ಕದಲ್ಲಿ ಮುತ್ತಯ್ಯನ ಕಲ್ಲೂ ಎದ್ದಿತು. ಕಲ್ಲುಕುಟಿಗ ಕೆಳಗೆ ಮನುಷ್ಯನನ್ನೂ ಚಿರತೆಯನ್ನೂ ಕೆತ್ತಿ, ವೀರ ಕೈಲಾಸ ಸೇರುವ ಮೇಲಿನ ಭಾಗವನ್ನು ಖಾಲಿ ಬಿಟ್ಟ. ಅದು ಆಮೇಲೆ ಎಂದ. ಆಮೇಲೆ ಎಂದರೆ ಯಾವಾಗ ಎಂದುಕೊಳ್ಳುತ್ತಾ ಮುತ್ತಯ್ಯ ಆ ಖಾಲಿ ಜಾಗವನ್ನು ಸವರಿ ನೋಡಿದ.

ಮೊದಮೊದಲು ಹಿಗ್ಗಿದ. ಆಮೇಲೆ ಹೆಂಗಸರು ಆ ಕಲ್ಲಿಗೆ ಕುಂಕುಮ ಇಟ್ಟು, ಎದುರಿಗೆ ಬಂದ ಅವನನ್ನು ಕಂಡು ಬೆಚ್ಚಿ ಸರಿಯತೊಡಗಿದರು. ತೊಟ್ಟಿಲ ಶಾಸ್ತ್ರಕ್ಕೆ ಕರೆಯುವವರು ಬಾಗಿಲಲ್ಲೇ ತಡವರಿಸುತ್ತಿದ್ದರು. ತಾನು ಯಾವ ಹೀರೋ ಎಂದು ಅವನು ತೋಳಿನ ಗಾಯ ಸವರಿಕೊಳ್ಳುತ್ತಾ ಯೋಚಿಸುತ್ತಿದ್ದ. ಯೋಚಿಸಿದಷ್ಟೂ ತಲೆ ಕೆಡುತ್ತಿತ್ತು.

ಅಷ್ಟರಲ್ಲಿ ಮಗಳು ಮಾದೇವಮ್ಮನಿಗೆ ಯಳಂದೂರಿನ ಗಂಡು ಗೊತ್ತಾಯಿತು. ಮದುವೆಗೆ ಮೊದಲು ವೀರಗಲ್ಲುಗಳಿಗೆ ಎಡೆ ಇಡುವುದು ಮುತ್ತಯ್ಯನ ಊರಿನ ಪದ್ಧತಿ. ಮದುವೆಯ ದಿನ ಬೆಳಿಗ್ಗೆ ಎರಡೂ ಕಡೆಯವರು ಕೆರೆ ಏರಿಗೆ ಬಂದರು. ಒಂದೊಂದು ಕಲ್ಲಿಗೂ ಒಂದೊಂದು ಎಲೆ. ಕೊನೆಯ ಎಲೆಗೆ ಮುದ್ದೆ, ಹುರುಳಿಸಾರು, ಒಂದು ಕಟ್ಟು ಬೀಡಿ. ಇದು ಯಾರದೆಂದು ಗಂಡಿನ ಅಪ್ಪ ಪುಟ್ಟಸಿದ್ದಯ್ಯ ಕೇಳಿದ. ಪಕ್ಕದಲ್ಲೇ ನಿಂತಿದ್ದ ಬೀಗನನ್ನು ಜನ ತೋರಿಸಿದರು. ಪುಟ್ಟಸಿದ್ದಯ್ಯನ ಮುಖ ಕಪ್ಪಿಟ್ಟಿತು.

"ಎಡೆ ತಕಂಡೋನ್ ಕೈಲಿ ಧಾರೆ ಎರ್ಸಕ್ಕಾದದಾ? ನೀವೇ ಸತ್ತೋರ್ ಸಾಲ್ಗೆ ಸೇರ್ಸ್ಬುಟ್ಟಿದ್ದೀರಿ. ಉಡ್ಗಿ ಚಿಕ್ಕಪ್ಪ ಎರೀಲಿ ಕಣ್ರಿ."

ಮೇಷ್ಟ್ರು ಮತ್ತೆ ಗ್ರೀಸಿನಿಂದ ಶುರು ಮಾಡಿದರು. ಯಾರೂ ಕಿವಿಗೊಡಲಿಲ್ಲ. ಚನ್ನಮಲ್ಲಮ್ಮ ಕೊರಳಿಗೆ ಕೈ ಹಾಕಿದಳು. "ಅಂಗಾರೆ ನನ್ ತಾಳಿ ಏನ್ ಮಾಡ್ಲಿ? ಬಿಚ್ಚಿ ನಿಮ್ ಕೈಗೆ ಕೊಟ್ಬುಡ್ಲಾ?"

ಒಬ್ಬಳೇ ಮಗಳು. ಅವಳ ಧಾರೆಯನ್ನು ಇನ್ನೊಬ್ಬ ಎರೆಯುವುದೇ? ಮುತ್ತಯ್ಯ ಕಲ್ಲಿನ ಮುಂದೆ ಕುಕ್ಕರಿಸಿದ, ಎಲೆ ಎಳೆದುಕೊಂಡ, ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ಎರಡನೆಯ ತುತ್ತಿಗೆ ತಲೆ ಎತ್ತಿ ಹೆಂಡತಿಯನ್ನು ನೋಡಿದ.

"ಉಪ್ಪು ಕಮ್ಮಿ ಕಣಮ್ಮಿ. ವಸಿ ತತ್ತಾ."

ಚನ್ನಮಲ್ಲಮ್ಮ ಓಡಿಹೋಗಿ ಉಪ್ಪು ತಂದಳು. ಅವನು ಎಲೆ ಖಾಲಿ ಮಾಡಿ, ತೇಗಿ, ಬೀಡಿ ಹಚ್ಚಿದ. ಇದು ಯಾವ ಶಾಸ್ತ್ರಕ್ಕೆ ಸೇರುತ್ತದೋ ಪುಟ್ಟಸಿದ್ದಯ್ಯನಿಗೆ ಹೊಳೆಯಲಿಲ್ಲ. ತಲೆ ಕೆರೆದುಕೊಂಡು, ಉಪ್ಪು ಕೇಳಿ ಉಂಡವನನ್ನು ಸತ್ತವನೆನ್ನುವುದು ಹೇಗೆ, ಆಯಿತು, ಅವನೇ ಎರೆಯಲಿ ಎಂದ.

ಧಾರೆ ಎರೆದದ್ದಾಯಿತು. ಹೊರಡುವ ಮದುಮಗಳು ಕೆರೆ ಏರಿಯ ಕಲ್ಲುಗಳಿಗೆ ಬಗ್ಗಿ ಕೈಮುಗಿದು ಹೋಗಬೇಕು. ಮಾದೇವಮ್ಮ ಮಡಿಲಕ್ಕಿ ಹಿಡಿದು ಒಂದೊಂದಕ್ಕೂ ಬಗ್ಗುತ್ತಾ ಬಂದು, ಕೊನೆಯದರ ಮುಂದೆ ನಿಂತುಬಿಟ್ಟಳು. ಆ ಕಡೆ ಕಲ್ಲು, ಈ ಕಡೆ ಅಪ್ಪ.

"ಮೊದ್ಲು ಯಾರ್ಗ್ ಬಗ್ಗಲಪ್ಪಾ?"

ಮುತ್ತಯ್ಯನಿಗೆ ಅಳು ಉಕ್ಕಿ ಬಂತು. ಹೋಗಿ ಕಲ್ಲಿಗೆ ಬೆನ್ನು ಕೊಟ್ಟು, ಅದು ಕಾಣದಂತೆ ನಿಂತ. ಮಗಳು ಬಗ್ಗಿದಳು. ಅವಳ ತಲೆಯ ಮೇಲೆ ಕೈಯಿಟ್ಟ. ಬೆನ್ನಿಗೆ ಕಲ್ಲು ತಣ್ಣಗೆ ತಾಗುತ್ತಿತ್ತು. ಅವಳು ಬಗ್ಗಿದ್ದು ತನಗೋ, ಹಿಂದಿದ್ದ ಅದಕ್ಕೋ? ಕೇಳೋಣವೆಂದರೆ ಅವಳನ್ನು ಹತ್ತಿಸಿಕೊಂಡ ಯಳಂದೂರಿನ ಗಾಡಿ ಆಗಲೇ ಏರಿಯಿಂದ ಇಳಿಯುತ್ತಿತ್ತು.