ಆರ್ನಾಲ್ಡನ ಅಪಶಕುನ

ಒಳ್ಳೆಯ ಮಾತಾಡಿದವರ ಬಾಯಿಗೆ ಸಕ್ಕರೆ ಹಾಕುವ ಊರುಗಳು ಎಲ್ಲಾದರೂ ಇರಬಹುದು. ಥಾರ್ನ್‌ಬಿ ಅಂಥ ಊರಲ್ಲ. ಅಲ್ಲಿ ಆಗಸ್ಟ್ ತಿಂಗಳಲ್ಲಿ ಯಾರಾದರೂ ಬಾಯಿತಪ್ಪಿ "ಈ ಸಲ ನಮ್ಮ ರೋವರ್ಸ್ ಟೀಮು ಗೆಲ್ಲುತ್ತೆ" ಅಂದರೆ ಸಾಕು, ಪಕ್ಕದಲ್ಲಿದ್ದವರು ದೃಷ್ಟಿ ತಾಗದಿರಲೆಂದು ಗಾಬರಿಯಿಂದ ಮರದ ಮೇಜು ಮುಟ್ಟಿ, ಅವನಿಗೆ ಬೆನ್ನು ಹಾಕಿ ಕೂರುತ್ತಾರೆ.

ಫುಟ್‌ಬಾಲ್ ಸೀಸನ್ ಶುರುವಾಗುವ ಹಿಂದಿನ ಸಂಜೆ 'ಮೂರು ಮಗ್ಗ' ಪಬ್ಬಿನಲ್ಲಿ ಅಪಶಕುನ ನುಡಿಯುವುದು ಊರಿನ ಪದ್ಧತಿ. ನುಡಿಯುವ ಹಕ್ಕು ಆರ್ನಾಲ್ಡ್ ಹೇಗ್‌ನದು. ಬಸ್ ಓಡಿಸಿ ನಿವೃತ್ತನಾದವನು, ಹುಟ್ಟಿನಿಂದಲೇ ಜೋಲುಮೋರೆ. ಬೆಂಚಿನ ಮೇಲೆ ನಿಂತು "ಮುಗೀತು ಕಣ್ರಪ್ಪಾ, ಈ ಸಲ ಕೆಳಕ್ಕೆ ಬೀಳೋದೇ" ಎನ್ನುತ್ತಿದ್ದ. ಜನ ಹೋ ಎಂದು ಗ್ಲಾಸೆತ್ತುತ್ತಿದ್ದರು. ಅವನು ಹಾಗೆಂದ ಯಾವ ವರ್ಷವೂ ತಂಡ ಕೆಳಗಿನ ದರ್ಜೆಗೆ ಬಿದ್ದಿರಲಿಲ್ಲ. ಒಮ್ಮೆ ಮಾತ್ರ ಜ್ವರ ಬಂದು ಮಲಗಿದ್ದ, ಆ ವರ್ಷ ಬಿತ್ತು. ಇನ್ನೇನು ಸಾಕ್ಷಿ ಬೇಕು? ಹೋದ ವರ್ಷವಂತೂ ಸರ್ವನಾಶ ಎಂದು ನುಡಿದಿದ್ದ. ತಂಡ ನೇರ ಮೇಲ್ದರ್ಜೆಯ ಲೀಗಿಗೆ ಏರಿ ಕುಳಿತಿತು.

ಈಗ ಅಂಥ ಆರ್ನಾಲ್ಡ್ ಬೀದಿಯಲ್ಲಿ ಸಿಳ್ಳೆ ಹಾಕಿಕೊಂಡು ತಿರುಗುತ್ತಿದ್ದ. ಊರಿನ ಎದೆ ಧಸಕ್ಕೆಂದಿತು.

ತಪ್ಪು ಎಡ್ನಾ ವೋಮರ್ಸ್ಲಿಯದು. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ನಿವೃತ್ತಳಾದ ವಿಧವೆ. ತಂಡ ಮೇಲೇರಿದ ದಿನ ಕೊನೆಯ ಗೋಲು ಬಿದ್ದಾಗ ಪಕ್ಕದ ಸೀಟಿನ ಆರ್ನಾಲ್ಡ್ ಅವಳನ್ನು ತಬ್ಬಿಕೊಂಡಿದ್ದ. ಗೋಲಿನ ಗಲಾಟೆ ಮುಗಿದರೂ ಬಿಟ್ಟಿರಲಿಲ್ಲ. ಅವಳೂ ಬಿಡಿಸಿಕೊಂಡಿರಲಿಲ್ಲ. ಆಮೇಲಿನ ಬೇಸಿಗೆಯೆಲ್ಲ ಇಬ್ಬರೂ ಜೊತೆಗೇ ಓಡಾಡಿದರು, ಅವಳು ಮಾಡಿಕೊಟ್ಟ ಪೈ ಕಡುಬು ತಿಂದು ಆರ್ನಾಲ್ಡನ ಕೆನ್ನೆಗೆ ಬಣ್ಣವೂ ಬಂತು.

ಪಬ್ಬಿನೊಡತಿ ಬ್ರೆಂಡಾ ವಾರವಿಡೀ ಅವನ ಮನಸ್ಸು ಕೆಡಿಸಲು ನೋಡಿದಳು. ನೊರೆ ಸತ್ತ ಬಿಯರ್ ಕೊಟ್ಟಳು. "ಗಂಟಲಿಗೆ ಹಿತವಾಗಿದೆ ಕಣಮ್ಮಾ" ಎಂದು ಚಪ್ಪರಿಸಿ ಕುಡಿದ. ಕಟುಕರ ಅಂಗಡಿಯ ಕೀತ್ ಬರೀ ಎಲುಬು ಕಟ್ಟಿಕೊಟ್ಟ. "ಸೂಪಿಗಾಯ್ತು" ಎಂದ ಮಹಾರಾಯ! ಇಬ್ಬರಿಗೂ ತಲೆ ಕೆಟ್ಟುಹೋಯಿತು.

ಅಪಶಕುನ ನುಡಿಯಬೇಕಿದ್ದ ಶುಕ್ರವಾರ ಬೆಳಿಗ್ಗೆ ಇಬ್ಬರೂ ಎಡ್ನಾಳ ಅಡುಗೆಮನೆಯಲ್ಲಿ ಬಂದು ಕುಳಿತರು.

"ಒಂದೇ ಒಂದು ದಿನ ಆರ್ನಾಲ್ಡನ್ನ ಬಿಟ್ಬಿಡು" ಎಂದ ಕೀತ್.

"ಏನಂದೆ?"

"ನಿನ್ನ ಸಹವಾಸ ಸಾಕು ಅಂತ ಹೇಳು. ನಾಳೆ ಮ್ಯಾಚ್ ಶುರುವಾದ ಮೇಲೆ ತಮಾಷೆಗೆ ಅಂದೆ ಅನ್ನು. ಅಪಶಕುನ ಬಾಯಿಮಾತಿಗೆ ನುಡಿದ್ರೆ ಆಗಲ್ಲ ಎಡ್ನಾ, ಹೊಟ್ಟೆಯಿಂದ ಬರಬೇಕು. ಹಲ್ಲು ಕಿರಿದುಕೊಂಡು ಸರ್ವನಾಶ ಅಂದ್ರೆ ಯಾವ ದೇವರು ನಂಬ್ತಾನೆ?"

"ಪೊರಕೆ ತಗೋತೀನಿ ನೋಡು ಈಗ!"

ಆಗ ಬ್ರೆಂಡಾ ಮೆಲ್ಲಗೆ ಬಾಣ ಬಿಟ್ಟಳು. "ನಿಮ್ಮಪ್ಪ ಜೀವಮಾನ ಪೂರ್ತಿ ರೋವರ್ಸ್ ಮೇಲಿನ ದರ್ಜೆಗೆ ಬರಲಿ ಅಂತ ಕಾದು ಕಾದು ಹೋದ್ರು ಕಣೇ. ಬಂದ ವರ್ಷವೇ ವಾಪಸ್ ಬೀಳ್ಬೇಕಾ?"

ಪೊರಕೆಯತ್ತ ಹೋಗಿದ್ದ ಎಡ್ನಾಳ ಕೈ ಹಿಂದೆ ಬಂತು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ ತಂಡ ಅದು. ಆರ್ನಾಲ್ಡ್ ಬಂದದ್ದು ಮೊನ್ನೆ ಮೊನ್ನೆ. ಆದರೆ ಈ ವಯಸ್ಸಿನಲ್ಲಿ ಮತ್ತೊಬ್ಬ ಆರ್ನಾಲ್ಡ್ ಎಲ್ಲಿ ಸಿಗುತ್ತಾನೆ? ಆದರೂ ಕೋಟು ಹಾಕಿಕೊಂಡು ಹೊರಟಳು.

ಆರ್ನಾಲ್ಡ್ ಬಾಗಿಲು ತೆರೆದದ್ದೇ ಸಿಳ್ಳೆ ಹಾಕುತ್ತ.

"ನಂಗೆ ಸಾಕಾಯ್ತು ಆರ್ನಾಲ್ಡ್. ಇನ್ನು ನೀನ್ಯಾರೋ ನಾನ್ಯಾರೋ."

ಸಿಳ್ಳೆ ನಿಂತಿತು. ಅವನು ಯಾಕೆ ಎಂದೂ ಕೇಳಲಿಲ್ಲ. "ಸರಿ, ಎಡ್ನಾ" ಎಂದು ಮೆಲ್ಲಗೆ ಬಾಗಿಲು ಹಾಕಿಕೊಂಡ. ಬೈದಿದ್ದರಾದರೂ ಚೆನ್ನಾಗಿತ್ತು. ದಾರಿಯುದ್ದಕ್ಕೂ ಎಡ್ನಾ ಕೀತ್‌ನ ವಂಶಕ್ಕೆಲ್ಲ ಶಾಪ ಹಾಕುತ್ತ ಮನೆಗೆ ಬಂದಳು.

ಸಂಜೆ ಪಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಡ್ನಾ ಮೂಲೆಯಲ್ಲಿ ಯಾರದೋ ಬೆನ್ನ ಹಿಂದೆ ಅಡಗಿ ಕುಳಿತಳು. ಆರ್ನಾಲ್ಡ್ ಬಂದ. ಮುಖ ಸುಟ್ಟ ಬದನೆಕಾಯಿಯಂತಾಗಿತ್ತು. "ಭೇಷ್! ಇದು ಮುಖ ಅಂದ್ರೆ!" ಎಂದು ಕೀತ್ ಬ್ರೆಂಡಾಳ ಕಿವಿಯಲ್ಲಿ ಪಿಸುಗುಟ್ಟಿದ. ಆರ್ನಾಲ್ಡ್ ಬೆಂಚು ಹತ್ತಿದ. ಎಲ್ಲರೂ ಗ್ಲಾಸು ಹಿಡಿದು ಸಿದ್ಧರಾದರು.

"ನನಗೆ ಇನ್ನೇನೂ ಉಳಿದಿಲ್ಲ" ಎಂದ ಅವನು. "ನಾಳೆಯ ಮ್ಯಾಚೊಂದು ಬಿಟ್ಟು ಏನೂ ಇಲ್ಲ. ಅದಕ್ಕೇ ಹೇಳ್ತೀನಿ ಕೇಳಿ. ಈ ಸಲ ನಾವು ಗೆಲ್ತೀವಿ. ಗೆಲ್ಲಲೇಬೇಕು! ಲೀಗ್ ಕಪ್ಪೇ ನಮ್ದು!"

ಯಾರದೋ ಕೈಯಿಂದ ಗ್ಲಾಸು ಬಿದ್ದು ಒಡೆಯಿತು. ಎಲ್ಲ ಕೈಗಳೂ ಮೇಜು ಹುಡುಕಿದವು. "ಅಯ್ಯೋ, ಮುಚ್ಚೋ ಬಾಯಿ!" ಎಂದು ಬ್ರೆಂಡಾ ಚೀರಿದಳು. ಸುಖವಾಗಿದ್ದಾಗ ಸರ್ವನಾಶ ನುಡಿಯುವುದಕ್ಕೆ ಖರ್ಚೇನೂ ಇಲ್ಲ. ನಿಜವಾಗಿ ಮುಳುಗುತ್ತಿರುವವನು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾನೆ. ಇದು ಆ ಇಬ್ಬರು ಜಾಣರಿಗೆ ಹೊಳೆದಿರಲಿಲ್ಲ. ಎಡ್ನಾಳಿಗೆ ಈಗ ಹೊಳೆಯಿತು. ಅವಳು ಜನರನ್ನು ತಳ್ಳಿಕೊಂಡು ಮುಂದೆ ನುಗ್ಗಿದಳು.

"ನಾನು ಬಿಟ್ಟಿಲ್ವೋ ನಿನ್ನ, ಪೆದ್ದೇ! ಸುಳ್ಳು ಹೇಳ್ದೆ. ನೀನು ಖುಷಿಯಾಗಿದ್ರೆ ಟೀಮು ಬಿದ್ದುಹೋಗುತ್ತೆ ಅಂತ ಈ ಪೀಡೆಗಳು ನನ್ನ ತಲೆ ತಿಂದ್ರು. ನಾನೂ ಒಪ್ಕೊಂಡೆ. ಬೈಯೋ ಹಾಗಿದ್ರೆ ಬೈ, ಸುಮ್ಮನೆ ಮಾತ್ರ ಇರಬೇಡ!"

ಆರ್ನಾಲ್ಡ್ ಅವಳನ್ನು ನೋಡಿದ, ಕೀತ್‌ನನ್ನು ನೋಡಿದ, ಬ್ರೆಂಡಾಳನ್ನು ನೋಡಿದ. ಪಿತ್ತ ನೆತ್ತಿಗೇರಿ ಕಿವಿಗಳು ಕೆಂಪಾದವು.

"ಥೂ ನಿಮ್ಮ! ಮುದುಕ ಮುದುಕಿ ಸುಖವಾಗಿರೋದನ್ನೂ ಕಣ್ಣಲ್ಲಿ ನೋಡಕ್ಕಾಗಲ್ವಾ? ಇಂಥ ಮನೆಮುರುಕರ ಊರು ಉದ್ಧಾರ ಆಗುತ್ತಾ? ಒಂದು ಮ್ಯಾಚೂ ಗೆಲ್ಲಲ್ಲ! ಕೊನೇ ಸ್ಥಾನ! ಕ್ರಿಸ್‌ಮಸ್ಸಿಗೆ ಮುಂಚೆ ಮುಳುಗಿಹೋಗ್ತೀರಿ!"

ಹೊಟ್ಟೆಯ ಆಳದಿಂದ ಬಂದ ಮಾತು. ಇಷ್ಟು ವರ್ಷಗಳಲ್ಲಿ ಇಂಥದ್ದು ಯಾರೂ ಕೇಳಿರಲಿಲ್ಲ. ಪಬ್ಬು ಹೋ ಎಂದು ಎದ್ದು ನಿಂತಿತು, ಕೀತ್ ಆನಂದದಿಂದ ಅಪರಿಚಿತನೊಬ್ಬನ ಬೋಳುತಲೆಗೆ ಮುತ್ತಿಟ್ಟ.

ಎಡ್ನಾ ಮಾತ್ರ ಬೆಂಚಿನ ಕೆಳಗೆ ತಲೆ ತಗ್ಗಿಸಿ ನಿಂತಿದ್ದಳು. ಆರ್ನಾಲ್ಡ್ ಇಳಿದು ಬಂದ.

"ಟೀಮಿಗೋಸ್ಕರ ನನ್ನ ಬಿಟ್ಟೆಯಾ ನೀನು?"

"ಒಂದೇ ದಿನಕ್ಕೆ ಕಣೋ."

"ನಾನಾಗಿದ್ರೆ ಇಡೀ ಸೀಸನ್ನಿಗೇ ಬಿಡ್ತಿದ್ದೆ" ಎಂದ.

ಎಡ್ನಾ ಅವನ ತೋಳಿಗೊಂದು ಬಾರಿಸಿ, ಅಳುತ್ತಲೇ ನಗತೊಡಗಿದಳು. ಅವನು ತಮಾಷೆಗೆ ಹೇಳಲಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.