ಬಣ್ಣ ಕೇಳುವ ಬೆರಳು

ಬಾಳೆಹಣ್ಣಿನ ವಾಸನೆ ಇಲ್ಲ, ಮೂಗಿಗೆ ಮೊದಲು ಗೊತ್ತಾದದ್ದೇ ಅದು, ಇಷ್ಟು ವರ್ಷ ಈ ತಾಡಪತ್ರಿಯ ಗೂಡಿನೊಳಗೆ ನಿಂತಾಗಲೆಲ್ಲ ಥಿನ್ನರಿನ ಆ ಕಳಿತ ಬಾಳೆಹಣ್ಣಿನ ವಾಸನೆ, ಅಂಗಿಗೆ ಅದೇ, ಕೂದಲಿಗೆ ಅದೇ, ಮನೆಗೆ ಹೋಗಿ ಮುರಿದ ರೊಟ್ಟಿಗೂ ಅದೇ, ಬಣ್ಣದ ಮೇಲೆ ಹೊಳಪಿಗೆ ಹೊಡೆಯುವ ಈ ಹೊಸ ಕ್ಲಿಯರಿನದು ಬೇರೆ, ಸಿಹಿಯಲ್ಲ, ಚೂಪು, ಕಣ್ಣಿನ ಹಿಂದೆ ಯಾರೋ ಸೂಜಿ ಆಡಿಸಿದ ಹಾಗೆ — ಮತ್ತೆ ಅದರ ನಡುವೆ ಅತ್ತರು, ಮಲ್ಲಿಗೆಯದು, ಶರೀಫ ಮಾಮುವಿನದು, ಮಾಮು ಹೊರಗೆ ಹೋಗಿಬಿಟ್ಟರು, ಅತ್ತರು ಮಾತ್ರ ಇಲ್ಲೇ ನಿಂತಿದೆ, ನನ್ನ ಬಲಗೈಯಲ್ಲಿ, ಅವರ ಮಣಿಕಟ್ಟು ಹಿಡಿದಾಗ ನನ್ನ ಅಂಗೈಗೆ ಹತ್ತಿಕೊಂಡದ್ದು. ಹಿಡಿದೆನಲ್ಲ, ಅಮ್ಮನ ಅಣ್ಣನ ಕೈ, ನನಗೆ ಬಣ್ಣದ ಗನ್ ಹಿಡಿಯಲು ಕಲಿಸಿದ ಕೈ, ಜುಮ್ಮಾ ನಮಾಜು ಮುಗಿಸಿ ನೇರ ಇಲ್ಲಿಗೆ ಬಂದಿದ್ದ ಕೈ, ಹಿಡಿದೆ ಅಂದರೆ ಲೋಕಲ್‌ನಲ್ಲಿ ಜೇಬುಗಳ್ಳನ ಕೈ ಹಿಡಿದ ಹಾಗೆ ಹಿಡಿದೆ, ಮುಟ್ಟಬ್ಯಾಡ್ರಿ ಅಂದಿದ್ನಲ್ಲ ಅಂತ ಕಿರುಚಿದೆ ಬೇರೆ, ಮತ್ತು ಅವರ ಕಿರುಬೆರಳು ಕಾರಿನ ಒದ್ದೆ ಬಾನೆಟ್ಟಿನ ಮೇಲೆ ಅರ್ಧದಲ್ಲೇ ನಿಂತಿತು, ಬಾನೆಟ್ಟಿನ ಒಳಗಿಂದ ಇನ್ನೊಂದು ಕಿರುಬೆರಳು, ಅದರದೇ ಬಿಂಬ, ಆಳದಿಂದ ಮೇಲೆದ್ದು ಬಂದು ಅದೂ ನಿಂತಿತು, ನಡುವೆ ಒಂದು ಅಕ್ಕಿಕಾಳು ಹಿಡಿಯುವಷ್ಟು ಜಾಗ. ಮಾಮು ಬೈಯಬೇಕಿತ್ತು, ತಲೆಗೊಂದು ಕೊಡಬೇಕಿತ್ತು, ಕೊಟ್ಟಿದ್ದರೆ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು. ಕೈ ಬಿಡಿಸಿಕೊಂಡರು, ಟೊಪ್ಪಿ ಸರಿಮಾಡಿಕೊಂಡರು, ತಾಡಪತ್ರಿ ಎತ್ತಿ ಹೊರಗೆ ಹೋದರು, ಅದೂ ಮೆಲ್ಲಗೆ, ಧೂಳು ಏಳದ ಹಾಗೆ — ಆ ಮೆಲ್ಲಗೆ ಅನ್ನುವುದೇ ಚುಚ್ಚುತ್ತಿದೆ.

ಅಲುಗಬಾರದು ಈಗ, ಅಂಗಿ ಕೊಡವಿದರೂ ಒಂದು ಎಳೆ ಹಾರಿ ಹೋಗಿ ಕೂರುತ್ತದೆ, ನೆಲಕ್ಕೆ ನೀರು ಚಿಮುಕಿಸಿದ್ದೇನೆ, ಕಾಲಡಿ ತಣ್ಣಗೆ, ಮೇಲೆ ತಗಡು ಕಾದ ಹಂಚು, ಬೆವರು ಹುಬ್ಬಿನಿಂದ ಇಳಿಯುತ್ತಿದೆ, ಇಳಿಯಲಿ, ಬಾನೆಟ್ಟಿನ ಮೇಲೆ ಬಗ್ಗದಿದ್ದರೆ ಸಾಕು, ಹಾರ್ಬರ್ ಲೈನಿನ ಗಾಡಿ ಹೋಯಿತು, ವಡಾಲದ ಈ ಇಡೀ ಗಲ್ಲಿ ನಡುಗಿತು, ಟ್ಯೂಬ್‌ಲೈಟು ನಡುಗಿತು, ಬಾನೆಟ್ಟಿನಲ್ಲಿ ಅದರ ಬಿಂಬ ನಡುಗಿ ಮತ್ತೆ ನೂಲು ಹಿಡಿದಂತೆ ನೆಟ್ಟಗಾಯಿತು, ನೆಟ್ಟಗಿದೆ, ಸೊಟ್ಟ ಇಲ್ಲ, ಹಾಗೇ ಇರಪ್ಪಾ ನನ್ನ ದೊರೆಯೇ. ಫಿಯೆಟ್ಟು, ಕಡುನೀಲಿ, ಅದರ ಬಾನೆಟ್ ತುಂಬ ಬೆಳ್ಳಕ್ಕಿ ಸಾಲು, ಜಯಸಿಂಹ ಸಾಹೇಬರ ಆಸೆ ಅದು, ಚೆಂಬೂರಿನವರು, ರಿಫೈನರಿಯಲ್ಲಿ ಇಂಜಿನಿಯರು, ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಕಡಲ ಖಾಡಿಯ ಕೆಸರಿನ ಮೇಲಿಂದ ಬೆಳ್ಳಕ್ಕಿ ಏಳುವುದನ್ನು ನೋಡೀ ನೋಡೀ, ನನ್ನ ಕಾರಿನ ಮೇಲೆ ಅವು ಹಾರ್ಬೇಕು ಶರೀಫ್ ಅವರೇ, ಇಡೀ ಬಾಂಬೆಯಲ್ಲಿ ಇನ್ನೊಬ್ಬರ ಹತ್ರ ಇರಕೂಡದು, ಅಂದಿದ್ದರು, ಅವರ ಹೆಂಡತಿ ಪಂಕಜಮ್ಮ ಹಿಂದಿನ ಸೀಟಿನಿಂದಲೇ, ಹೂಂ, ಹಾರ್ಲಿ, ಕೂತು ಗಲೀಜು ಮಾಡದೇ ಇದ್ರೆ ಸರಿ, ಅಂದರು, ಮಾಮು ಹಲ್ಲು ಬಿಟ್ಟು ನಕ್ಕರು, ನಕ್ಕು ಒಪ್ಪಿಕೊಂಡರು, ಕೈ ನಡುಗುವುದನ್ನು ಹೇಳಲಿಲ್ಲ. ನಡುಗುವ ಕೈಯನ್ನು ಇನ್ನೊಂದು ಕೈಯ ಮೇಲೆ ಊರಿ, ಉಸಿರು ಬಿಗಿಹಿಡಿದು ಒಂದು ರೆಕ್ಕೆ, ಹೊರಗೆ ಹೋಗಿ ಒಂದು ಬೀಡಿ, ಬಂದು ಮತ್ತೊಂದು ರೆಕ್ಕೆ, ಕಡೆಯ ಹಕ್ಕಿಯ ಕಣ್ಣಿಟ್ಟ ದಿನ ಬ್ರಶ್ ತೊಳೆದು ನನ್ನ ಕೈಗೆ ಕೊಟ್ಟರು, ಇದ ಕಡೀದಪಾ ಮುರ್ತುಜಾ, ಇನ್ನ ಈ ಕೈ ಹಕ್ಕಿ ಹಾರಸಂಗಿಲ್ಲ. ಈಗ ಮೇಲಿನ ಕ್ಲಿಯರು ಕೆಟ್ಟರೆ ಉಜ್ಜಿ ತೆಗೆಯಬೇಕು, ಉಜ್ಜಿದರೆ ಹಕ್ಕಿಯೂ ಹೋಯಿತು, ಮತ್ತೆ ಬರೆಯುವವರು ಯಾರು, ನಾನೇ? ನಾನು ಬರೆದರೆ ಬಾತುಕೋಳಿ ಆಗುತ್ತದೆ.

ಹಳೆಯ ಲ್ಯಾಕರ್ ಹೊಡೆದಿದ್ದರೆ ಈ ಸಂಕಟವೇ ಇರಲಿಲ್ಲ, ಹೊಡೆ, ಒಣಗಿಸು, ಉಜ್ಜು, ಹೊಳಪಿಸು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಹಳದಿಗೆ ತಿರುಗುತ್ತದೆ, ಬೆಳ್ಳಕ್ಕಿ ಮೇಲೆ ಚಹಾ ಚೆಲ್ಲಿದ ಹಾಗೆ ಕಾಣುತ್ತದೆ, ಅಷ್ಟೇ. ಸಾಹೇಬರಿಗೆ ಬಿಳಿ ಬಿಳಿಯೇ ಇರಬೇಕು, ದುಬೈಯಲ್ಲಿರುವ ಬಾವಮೈದನ ಕೈಲಿ ತರಿಸಿದರು, ಎರಡು ಡಬ್ಬಿ, ಲುಂಗಿಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಬಂದದ್ದು, ಒಂದರಲ್ಲಿ ನೀರಿನಂಥ ಕ್ಲಿಯರು, ಇನ್ನೊಂದು ಪುಟ್ಟದರಲ್ಲಿ ಅದನ್ನು ಕಲ್ಲು ಮಾಡುವ ಔಷಧ, ಬೆರೆಸಿದ ಮೇಲೆ ಕಾಯುವುದಿಲ್ಲ, ಹೊಡೆದರೆ ಹೊಡೆದೆ, ಇಲ್ಲದಿದ್ದರೆ ಗನ್ನಿನೊಳಗೇ ಕಲ್ಲು. ನೋಡಿ ಮುರ್ತುಜಾ, ಇರೋದು ಇಷ್ಟೇ, ಕುವೈತ್ ಗಲಾಟೆ ಆದ್ಮೇಲೆ ಅವನು ಇನ್ಯಾವಾಗ ಬರ್ತಾನೋ ಗೊತ್ತಿಲ್ಲ, ಅಂತ ಸಾಹೇಬರು ಅಂದದ್ದು ಒಂದು ಸಲವಲ್ಲ, ನನಗೆ ಕಣ್ಣಿಲ್ಲವೇ, ಡಬ್ಬಿ ಎಷ್ಟಿದೆ ಅಂತ ಕಾಣುವುದಿಲ್ಲವೇ, ಪಕ್ಕದ ಡೆಂಟಿಂಗ್ ಶೆಡ್ಡಿನ ಕೊರಗಣ್ಣ ಡಬ್ಬಿ ತಿರುಗಿಸಿ ಮುರುಗಿಸಿ ನೋಡಿ, ಇದು ಫಾರಿನ್ ಮಾಲು ಮಾರಾಯ, ನೀನು ಆರನೇ ಕ್ಲಾಸು, ಅದಕ್ಕೆ ನಿನ್ನ ಭಾಷೆ ಬರುದಿಲ್ಲ, ಅಂದ, ಅವನ ಸುತ್ತಿಗೆಯಿಂದ ಅವನದೇ ಹಲ್ಲು ತಟ್ಟಬೇಕು ಅನ್ನಿಸಿತು. ಆರನೇ ಕ್ಲಾಸು, ಹೌದು, ಮುನಿಸಿಪಾಲಿಟಿ ಶಾಲೆಯ ಕನ್ನಡ ಮಾಸ್ತರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು, ನಾನು ಬೆಂಚಿನಿಂದ ಇಳಿದು ಹಾಗೇ ಗೇಟು ದಾಟಿದೆ, ತಿರುಗಿ ನೋಡಿಲ್ಲ, ಸಿಟ್ಟು ಮಾತ್ರ ಜತೆಗೇ ಬಂತು, ಗನ್ನಿನ ಹಿಂದೆ ಕಂಪ್ರೆಸರ್ ಇದ್ದ ಹಾಗೆ.

ಅದಕ್ಕೇ ಮೊದಲು ಭಂಗಾರಿನ, ಗುಜರಿ ಕಾರಿನ, ಬಾಗಿಲ ಮೇಲೆ ಹೊಡೆದು ನೋಡಿದ್ದು. ಮುರಿದ ಬಾಗಿಲು, ಅದಕ್ಕೊಂದು ನೀಲಿ, ನೀಲಿಯ ಮೇಲೆ ನಾನೇ ಬರೆದ ಒಂದು ಬಾತುಕೋಳಿ, ಮೇಲೆ ಹೊಸ ಕ್ಲಿಯರು, ಹೊಡೆದಾಗ ಏನು ಹೊಳಪು, ನೀರಿನೊಳಗೆ ಬಾಗಿಲು ಮುಳುಗಿಸಿಟ್ಟ ಹಾಗೆ, ನಾನು ಬಾಯಿ ತೆರೆದುಕೊಂಡು ನಿಂತಿದ್ದೆ, ಮಾಮು ಬಂದರು, ಎಡಗೈ ಸೊಂಟದ ಮೇಲೆ, ಬಲಗೈ ಕಿರುಬೆರಳು ಮುಂದೆ, ಒತ್ತಿದರು, ಎತ್ತಿದರು, ಬೆರಳಿನ ಜತೆ ಜೇನಿನ ಹಾಗೆ ಎಳೆ ಬಂತು. ಗೋಂದು, ಅಂದರು, ಇದು ಬಣ್ಣಲ್ಲ, ಗೋಂದು, ನಕ್ಕೋ, ಬ್ಯಾಡ ಇದು, ಸಾಹೇಬ್ರಿಗೆ ಹೇಳಿ ವಾಪಸ್ ಕೊಡು. ನೀವ ಮುಟ್ಟಿ ಕೆಡಿಸಿದ್ರಿ, ಅಂದೆ. ಮುಟ್ಟದ ಹೆಂಗ ತಿಳೀಬೇಕಲೇ, ಹುಡುಗಿ ನೋಡಾಕ ಹೋದಾವ ಗ್ವಾಡಿ ನೋಡ್ಕೊಂಡ ಬರ್ತಾನೇನು? ಮೊದಲ ದಿನದಿಂದ ಇದೇ ಪಾಠ, ಬಣ್ಣಾನ ಕೇಳಬೇಕು, ಒಣಗೀಯೇನಪಾ ಅಂತ ಬೆರಳ್ಲೆ ಕೇಳಬೇಕು, ಕೇಳಿದ್ರ ಅದು ಹೇಳತೈತಿ, ಕೇಳದೇ ಇದ್ದದ್ದಕ್ಕೆ ನನ್ನ ಬೆರಳ ಗಂಟಿಗೆ ಪಟ್ಟಿಯಿಂದ ಹೊಡೆದಿದ್ದಾರೆ, ಲ್ಯಾಕರ್ ಆದರೆ ಸರಿ, ಗನ್ ಕೆಳಗಿಡುವುದರೊಳಗೆ ಆರುತ್ತದೆ, ಗುರುತು ಬಿದ್ದರೂ ಉಜ್ಜಿದರೆ ಹೋಗುತ್ತದೆ, ಇದು ಹಾಗಲ್ಲ, ಇದು ಎಷ್ಟೋ ಹೊತ್ತು ಹಸಿ ಬಾಣಂತಿ, ಮಾರನೆಯ ದಿನ ನೋಡಿದರೆ ಬಾಗಿಲು ಗಾಜು, ಉಗುರು ಹಾಕಿದರೂ ಗೀರು ಇಲ್ಲ, ಗಾಜಿನೊಳಗೆ ಮಾಮುವಿನ ಕಿರುಬೆರಳಿನ ಗೆರೆಗಳೆಲ್ಲ ಒಂದೊಂದಾಗಿ, ಸುಳಿ ಸುಳಿಯಾಗಿ, ಇನ್ನು ಯಾವ ಉಪ್ಪುಕಾಗದದಿಂದ ಉಜ್ಜಿದರೂ ತಳ ಬಿಟ್ಟು ಹೋಗದ ಹಾಗೆ. ತೋರಿಸಿದೆ. ಮಾಮು ನೋಡಿದರು, ಹಾಂ ಹಾಂ ಅಂದರು, ಈ ಸಲ ಮುಟ್ಟಂಗಿಲ್ಲ ತಗೋ, ಅಂದರು. ಅಂದವರು ಇವತ್ತು ಬೆರಳಿಗೆ ಅತ್ತರು ಹಚ್ಚಿಕೊಂಡು ಬಂದು, ಎಣ್ಣೆಯ ಅತ್ತರು, ಒದ್ದೆ ಕ್ಲಿಯರಿಗೆ ಒಂದು ಹನಿ ಎಣ್ಣೆ ತಾಗಿದರೂ ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತದೆ, ಅವರದೇ ಕಡೆಯ ಹಕ್ಕಿಗಳ ಮೇಲೆ — ಅದಕ್ಕೇ ಹಿಡಿದೆ, ಹಿಡಿಯದೆ ಏನು ಮಾಡಲಿ, ನಿಂತ ಬೆರಳು, ಕೆಳಗಿಂದ ಎದ್ದು ಬಂದ ಬೆರಳು, ನಡುವಿನ ಆ ಅಕ್ಕಿಕಾಳು. ಈಗ ಚಾಳಿನ ನಮ್ಮ ಮನೆಗೆ ಹೋಗಿರುತ್ತಾರೆ, ಅಮ್ಮನ ಮುಂದೆ ಕೂತಿರುತ್ತಾರೆ, ಇಮಾಮಬಿ, ನಿನ್ನ ಮಗ ನನ್ನ ಕೈ ಹಿಡದಾ, ಅಂತ, ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು, ಉಸ್ತಾದರ ಕೈ ಹಿಡದನೇನು ಮುರ್ತುಜಾ? ಮತ್ತೆ ಇಲ್ಲಿಗೆ ಬರದಿದ್ದರೆ ಮಾಮು, ಈ ಗೂಡಿನಲ್ಲಿ ಒಬ್ಬನೇ ನಿಂತು ನಾನು ಯಾರ ಮೇಲೆ ರೇಗಲಿ.

ಟಣ್, ಟಣ್, ಟಣ್ — ಶುರುವಾಯಿತು, ಕೊರಗಣ್ಣ, ಜುಮ್ಮಾ ಹೊತ್ತಿಗೆ ಇಡೀ ಗಲ್ಲಿ ಮುಚ್ಚುತ್ತದೆ, ಧೂಳು ಕೂರುತ್ತದೆ, ಅದನ್ನೇ ನೋಡಿಕೊಂಡು ಇವತ್ತು ಹೊಡೆದೆ, ಇವನೊಬ್ಬನಿಗೆ ಈಗಲೇ ಸುತ್ತಿಗೆ ಬೇಕು, ಒಂದೊಂದು ಏಟಿಗೂ ತಗಡಿನ ಮಾಡಿನಿಂದ ತುಕ್ಕು ಉದುರುತ್ತದೆ, ಹೊರಗೆ ಹೋಗಿ ಅವನ ಕುತ್ತಿಗೆ ಹಿಡಿಯೋಣ ಅಂದರೆ ತಾಡಪತ್ರಿ ಎತ್ತಬೇಕು, ಎತ್ತಿದರೆ ಗಾಳಿ, ಹಲ್ಲು ಕಚ್ಚಿ ನಿಂತೆ, ಟಣ್, ಟಣ್ — ನಿಂತಿತು. ಏ ಕೊರಗಣ್ಣಾ, ಬಂದ್ ಮಾಡೋ ಅದನ್ನ. ಮಾಮು! ಮಾಮುವಿನ ದನಿ, ತಾಡಪತ್ರಿಯ ಆಚೆಗೇ, ಕೈಚಾಚಿದರೆ ಸಿಗುವಷ್ಟು ಹತ್ತಿರ. ಎಂಥದು ಮಾರಾಯ್ರೆ, ಒಂದು ಮಡ್‌ಗಾರ್ಡು ತಟ್ಲಿಕ್ಕೂ ಬಿಡುದಿಲ್ವಾ ನೀವು? ಒಳಗ ಹಸಿ ಐತಿ. ಹಸಿಯಾ, ಯಾರದ್ದು ಹೆರಿಗೆ? ನಂದ ತಿಳ್ಕೋ. ಬ್ಯಾರೆ ಮಾತ ಬ್ಯಾಡ, ಒಳಗಿನಾವ ನನ್ನ ಬಿಡಲಿಲ್ಲ, ನಿನ್ನ ಬಿಡ್ತಾನೇನು, ಇಲ್ನೋಡು, ಕೈ ಹೆಂಗ ಹಿಡದಾನ, ಕೆಂಪಾಗೇತಿ. ಅಯ್ಯಯ್ಯ, ನಿಮ್ಮ ಕೈಯನ್ನೇ? ಎರಡು ಬಿಗಿಲಿಲ್ವಾ ನೀವು? ಬಿಗೀತಿದ್ನಿ, ಬಿಗೀತಿದ್ನಿ — ಮಾಮು ಬೀಡಿ ಕಚ್ಚಿಕೊಂಡಿರಬೇಕು, ಕಡ್ಡಿ ಗೀರಿದ ಸದ್ದಿಲ್ಲ, ಇಲ್ಲಿ ಕಡ್ಡಿ ಗೀರುವ ಹಾಗಿಲ್ಲವಲ್ಲ — ನನ್ನ ಬೆರಳು ನಾ ಹೇಳದ ಹೊಂಟಿತ್ತೋ ಕೊರಗಣ್ಣಾ, ಅಂದರು, ನಾ ಬ್ಯಾಡಂತಿದ್ನಿ, ಅದು ಹೊಂಟಿತ್ತು. ಹುಡುಗ ಹಿಡದದ್ದು ಚಲೋ ಆತು.

ಕಂಪ್ರೆಸರಿನ ಕೀಲು ಬಿಚ್ಚಿ ಗಾಳಿ ಬಿಟ್ಟ ಹಾಗೆ ಒಳಗಿನದೆಲ್ಲ ಹೊರಗೆ ಹೋಯಿತು, ನಗು ಬಂತು, ಮೂಗಿಗೆ ಕಟ್ಟಿದ ಕರವಸ್ತ್ರದೊಳಗೇ ನಕ್ಕೆ, ಕಣ್ಣಲ್ಲಿ ನೀರು, ಕ್ಲಿಯರಿನ ವಾಸನೆಗೆ ಬಂದದ್ದು, ಅದಕ್ಕೇ ಅನ್ನೋಣ, ಹೊರಗೆ ಚಳ್ ಅಂತ ನೀರು ಬಿದ್ದ ಸದ್ದು, ಮತ್ತೆ ಚಳ್, ಮಾಮು ಬಕೀಟು ಹಿಡಿದು ಗಲ್ಲಿಗೆಲ್ಲ ನೀರು ಹೊಡೆಯುತ್ತಿದ್ದಾರೆ, ಧೂಳು ಏಳದ ಹಾಗೆ, ಏ ಸೈಕಲ್, ಆ ಕಡೀಂದ ಹೋಗು, ಏ ಬಾಯಿ, ಝಾಡು ಆಮೇಲೆ ಮಾರ್, ಕಸ ಗುಡಿಸುವವಳಿಗೂ ತಡೆ, ಇಡೀ ವಡಾಲಕ್ಕೇ ಪಹರೆ, ನಾನು ಒಳಗೆ, ಮಾಮು ಹೊರಗೆ, ನಡುವೆ ಒಂದು ತಾಡಪತ್ರಿ, ಗಾಡಿಗಳು ಬಂದವು, ಹೋದವು, ಟ್ಯೂಬ್‌ಲೈಟಿನ ಬಿಂಬ ನಡುಗುವುದು ನಿಂತಿತೋ ನಾನು ನೋಡುವುದು ನಿಲ್ಲಿಸಿದೆನೋ, ತಗಡಿನ ತೂತಿನ ಬಿಸಿಲು ಬಾನೆಟ್ಟಿನ ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಸರಿಯಿತು, ಸಂಜೆಯ ಅಸರ್ ಬಾಂಗು ಕೂಗಿತು, ಗಾಜಿಗೆ ಕಟ್ಟಿದ ಕಾಗದದ ಅಂಚಿನಲ್ಲಿ, ಯಾರಿಗೂ ಕಾಣದ ಕಡೆ, ಬೆರಳಿನ ಹಿಂಬದಿಯಿಂದ ಸವರಿದೆ, ಅಂಟಲಿಲ್ಲ, ಯಾ ಅಲ್ಲಾ, ಅಂಟಲಿಲ್ಲ, ಒಂದು ಸುಕ್ಕಿಲ್ಲ, ಒಂದು ಗುಳಿಯಿಲ್ಲ, ಬೆಳ್ಳಕ್ಕಿಗಳು ಹಾಲಿನ ಬಿಳಿ, ನೀಲಿ ಆಳಕ್ಕೆ ಇಳಿದಿದೆ, ಹಕ್ಕಿಗಳು ಮೇಲೆದ್ದಿವೆ.

ಮಾಮೂ, ಬರ್ರಿ.

ಬಂದರು, ಎರಡೂ ಕೈ ಬೆನ್ನ ಹಿಂದೆ, ಒಂದರ ಮಣಿಕಟ್ಟನ್ನು ಇನ್ನೊಂದರಲ್ಲಿ ತಾವೇ ಬಿಗಿಯಾಗಿ ಹಿಡಿದುಕೊಂಡು, ಅತ್ತರು ಹೋಗಿ ಸೋಪಿನ ವಾಸನೆ, ತೊಳೆದುಕೊಂಡು ಬಂದಿದ್ದಾರೆ, ಬಗ್ಗಿದರು, ಹಕ್ಕಿಯ ಕಣ್ಣಿಗೆ ಕಣ್ಣು ಕೊಟ್ಟು ನೋಡಿದರು, ತಮ್ಮ ಮುಖವನ್ನೂ ನೋಡಿರಬೇಕು ಅದರಲ್ಲಿ, ಬಿಳಿ ಗಡ್ಡ, ಟೊಪ್ಪಿ, ಉಸಿರು ತಾಗದ ಹಾಗೆ ಮತ್ತೆ ನೆಟ್ಟಗಾದರು, ಮಾಮೂ, ನಾ ಕೈ ಹಿಡದದ್ದು, ಅಂದೆ, ಖಾಲಿಪೀಲಿ ಮಾತಾಡಬ್ಯಾಡ, ಕೇಳು, ಅಂದರು, ಏನ್ರಿ, ಅಂದೆ, ಬಣ್ಣಾನ ಕೇಳಲೇ, ಇನ್ನ ನೀನ ಕೇಳು. ಕರವಸ್ತ್ರ ಬಿಚ್ಚಿದೆ, ಬೆರಳನ್ನು ಅಂಗಿಗೆ ಒರೆಸಿದೆ, ಮತ್ತೆ ಒರೆಸಿದೆ, ಕೆಳಗಿಳಿಸಿದೆ, ನೀಲಿಯ ಆಳದಿಂದ ಒಂದು ಕಿರುಬೆರಳು ಮೇಲೆದ್ದು ಬರುತ್ತಿದೆ, ನನ್ನದು, ಬೆಳ್ಳಕ್ಕಿಯ ರೆಕ್ಕೆಯ ಪಕ್ಕದಲ್ಲೇ, ಇನ್ನೇನು ತಾಗಬೇಕು, ನಡುವೆ ಒಂದು ಅಕ್ಕಿಕಾಳು, ಒಂದು ಅಕ್ಕಿಕಾಳಿನಷ್ಟು ಜಾಗ —