ಕಿಚ್ಚಿಲ್ಲದ ಹೊಟ್ಟೆ

ನಮ್ಮ ಭಾವನವರದು ಔಷಧಿ ಅಂಗಡಿ. ಗಂಡನ ಅಣ್ಣ ಎಂದು ಬಹುವಚನ; ಬುದ್ಧಿ ನೋಡಿ ಕೊಡುವುದಾದರೆ ಏಕವಚನವೇ ಹೆಚ್ಚಾಯಿತು. ಮಾತ್ರೆ ಮಾರಿ ಮಾರಿ ತಾವೇ ಡಾಕ್ಟರೆಂಬ ಭ್ರಮೆ ಅವರಿಗೆ. ಮೇಲೊಂದು ಬಿಳಿ ಕೋಟು ಬೇರೆ. ಅದನ್ನು ಹೊಲಿದುಕೊಟ್ಟವಳು ನಾನೇ, ಹೊಲಿಗೆ ನನ್ನ ಕಸುಬು.

ನನಗೆ ಸುಸ್ತು, ಹೊಟ್ಟೆ ಭಾರ, ನಾಲಗೆ ಉರಿ ಶುರುವಾಯಿತು. ಭಾವ ನಾಡಿಯನ್ನೂ ಮುಟ್ಟದೆ ಆಸಿಡಿಟಿ ಎಂದು ತೀರ್ಪು ಕೊಟ್ಟು, ಆಮ್ಲ ತಗ್ಗಿಸುವ ಮಾತ್ರೆಗಳನ್ನು ಕೈಗೆ ತುರುಕಿದರು. ಅವರು ಹೊಸ ಮನೆ ಕಟ್ಟಿಸಿದ ವರ್ಷವೇ ಅದು ಶುರುವಾದ್ದರಿಂದ, ಊಟಕ್ಕೆ ಕೂತವರ ಮುಂದೆಲ್ಲ ಅದಕ್ಕೆ ಹೊಟ್ಟೆಕಿಚ್ಚು ಎಂದು ಹೆಸರಿಟ್ಟರು. ನನ್ನ ಗಂಡನೂ ಹಲ್ಲು ಕಿರಿದ. ಅಣ್ಣನ ಮುಂದೆ ಅವನು ಕೋಲೆಬಸವ.

ಆಮೇಲೆ ಬೆರಳುಗಳಿಗೆ ಜೋಮು ಹಿಡಿಯಿತು. ಗಿರಾಕಿಯ ಹೊಸ ಬಟ್ಟೆಯ ಮೇಲೆ ರಕ್ತದ ಕಲೆ ಕಂಡಾಗಲೇ ಸೂಜಿ ಚುಚ್ಚಿದ್ದು ಗೊತ್ತಾದದ್ದು. ಹೊಲಿಗೆ ಬಿಟ್ಟರೆ ನನಗೇನು ಬರುತ್ತದೆ? ಹೆದರಿಕೆಯಾಗಿ, ಭಾವನಿಗೆ ಹೇಳದೆ ಆಸ್ಪತ್ರೆಗೆ ಹೋದೆ.

ರಕ್ತ ತೆಗೆದರು, ಗಂಟಲೊಳಗೆ ಕ್ಯಾಮೆರಾ ಇಳಿಸಿದರು, ಜಠರದ ಚೂರು ಕಿತ್ತು ಪರೀಕ್ಷೆಗೆ ಕಳಿಸಿದರು. ಡಾಕ್ಟರಮ್ಮ ಬಿಡಿಸಿ ಹೇಳಿದರು: ನನ್ನ ಮೈಯೇ ನನ್ನ ಜಠರದ ಮೇಲೆ ತಿರುಗಿಬಿದ್ದು, ಆಮ್ಲ ಮಾಡುವ ಜೀವಕೋಶಗಳನ್ನು ಹಾಳುಮಾಡಿದೆ; ಹೊಟ್ಟೆಯಲ್ಲಿ ಆಮ್ಲವೇ ಇಲ್ಲ. ಬಿ12 ವಿಟಮಿನ್ ಮೈಗೆ ಹತ್ತದೆ ರಕ್ತ ಕಮ್ಮಿಯಾಗಿ ನರಗಳು ಸೊರಗಿವೆ. ಆಮ್ಲ ಮಾಡು ಎಂದು ಹಾರ್ಮೋನು ಬೊಬ್ಬೆ ಹೊಡೆದೂ ಹೊಡೆದೂ ಜಠರದಲ್ಲಿ ಪುಟ್ಟ ಗಡ್ಡೆಗಳೆದ್ದಿವೆ. ನಿಧಾನಕ್ಕೆ ಬೆಳೆಯುವ ಜಾತಿ. ಕ್ಯಾಮೆರಾ ಕೊಳವೆಯಿಂದಲೇ ತೆಗೆಯಬಹುದು, ಆಗಾಗ ನೋಡಿಸುತ್ತಿರಬೇಕು. ಬಿ12 ಇಂಜೆಕ್ಷನ್ ಮಾತ್ರ ಜೀವನಪೂರ್ತಿ. ಬೆರಳಿನ ಬಗ್ಗೆ ಕೇಳಿದೆ.

"ತಡ ಮಾಡಿದ್ದೀರಮ್ಮ. ಎಷ್ಟು ಸರಿಹೋಗುತ್ತೋ ಹೇಳಕ್ಕಾಗಲ್ಲ," ಎಂದರು.

ಗಡ್ಡೆ ತೆಗೆದರು, ಇಂಜೆಕ್ಷನ್ ನಡೆಯಿತು. ಕೆಲವು ತಿಂಗಳಾದ ಮೇಲೆ ಭಾವ ನೋಡಲು ಬಂದರು. ಹೊಟ್ಟೆಯದೇ ತೊಂದರೆ ಎಂದು ತಾವು ಮೊದಲೇ ಹೇಳಿರಲಿಲ್ಲವೇ ಎಂದು ಮೀಸೆ ತಿರುವಿ, ಗುಂಡಿ ಕಿತ್ತುಹೋದ ಆ ಬಿಳಿ ಕೋಟನ್ನು ನನ್ನ ತೊಡೆಯ ಮೇಲೆ ಹಾಕಿದರು. ಇಂಥವರಿಗೆ ನಾಚಿಕೆಯನ್ನು ಯಾವ ಅಂಗಡಿಯಿಂದ ತಂದುಕೊಡುವುದು?

ಅಭ್ಯಾಸಬಲ, ಸೂಜಿಗೆ ದಾರ ಪೋಣಿಸಿದೆ. ಸೂಜಿ ಹೆಬ್ಬೆರಳಿಗೆ ಹೊಕ್ಕಿತು. ಚುರ್ರೆಂದಿತು. ನೋವಾಯಿತು ಎಂದು ಖುಷಿಯಿಂದ ನನ್ನ ಕಣ್ಣು ತುಂಬಿತು.

"ಭಾವ, ನನ್ನ ಹೊಟ್ಟೇಲಿ ಕಿಚ್ಚು ಅನ್ನೋದೇ ಇಲ್ವಂತೆ. ಬೇಕಾದ್ರೆ ಡಾಕ್ಟರನ್ನ ಕೇಳಿ. ನಿಜವಾದ ಡಾಕ್ಟರನ್ನ."

ಅವರು ಗುಂಡಿ ಕಿತ್ತುಹೋದ ಜಾಗದತ್ತ ಬೆರಳು ತೋರಿದರು. ನಾನು ದಾರ ಕಡಿದು ಕೋಟನ್ನು ಅವರ ತೊಡೆಗೇ ಹಾಕಿದೆ.

"ಬೆರಳು ಈಗಷ್ಟೇ ವಾಪಸ್ ಬಂದಿದೆ. ಇದಕ್ಕೆಲ್ಲ ಹಾಳು ಮಾಡಲ್ಲ."